ಪ್ಲೇ ಬಟನ್ ಎಲ್ಲಿಡಬೇಕ್ರಿ?

ಯಾವ ಕೆಲಸ ಹಿಡಿದರೂ ಗಿರಾಕಿಗಳ ತಕರಾರು ತಪ್ಪಿದ್ದಲ್ಲ. ನನಗೆ ಮಾತ್ರ ಎಲ್ಲ ತಕರಾರೂ ಒಂದೇ ಗುಂಡಿಯಿಂದ ಬರುತ್ತವೆ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ, ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನಾನು ವೆಬ್‌ಸೈಟ್ ಮಾಡುತ್ತೇನೆ. ದವಾಖಾನೆ, ಅಂಗಡಿ, ತರಬೇತಿ ಕೇಂದ್ರಗಳ ಮಾಹಿತಿ ಪುಟಗಳು. ಪುಟದ ನಡುವೆ ಒಂದು ವಿಡಿಯೋ, ಅದರ ಮೇಲೊಂದು ಪ್ಲೇ ಬಟನ್. ಬರಹವನ್ನು ಯಾರೂ ಓದಿ ನೋಡುವುದಿಲ್ಲ, ಬಟನ್ ಕಂಡರೆ ಮಾತ್ರ ಎಲ್ಲರಿಗೂ ಏನಾದರೂ ಹೇಳಲೇಬೇಕು.

ಕೆಂಪು ತ್ರಿಕೋನ

ಬಬಲೇಶ್ವರದ ಹಿರಿಯರೊಬ್ಬರು ಆಡು ಸಾಕಣೆಯ ತರಬೇತಿ ಕೊಡುತ್ತಾರೆ. ಅವರ ವಿಡಿಯೋ ಮೇಲೆ ಚೆಂದದ ಕೆಂಪು ತ್ರಿಕೋನ ಇಟ್ಟು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಯವ್ವಾ, ಇದು ಮೊದಲ ಗ್ವಾಡಿ ಮ್ಯಾಲೆ ಬರೀತಿದ್ರಲ್ಲ, ಆ ಕುಟುಂಬ ಯೋಜನೆ ಗುರುತು ಅಲ್ಲೇನು?"

"ಅಲ್ರಿ ಅಜ್ಜಾರ. ಅದರ ತುದಿ ಕೆಳಗಿತ್ತು. ಇದರ ತುದಿ ಬಲಕ್ಕೈತಿ."

"ತುದಿ ಎಲ್ಲರ ಇರ್ಲಿ, ಮಂದಿಗೆ ನೆನಪಾಗೂದು ಅದs. ನಾ 'ಆಡು ಸಾಕ್ರಿ' ಅಂತ ಹೇಳಾಕತ್ತೇನಿ, ನೀ 'ಇನ್ನ ಆಡು ಸಾಕು' ಅಂತ ಹೇಳಾಕತ್ತಿಯಲ್ಲವಾ!"

ಹೊಟ್ಟೆಯ ಪಾಳಿ

ನಗರದ ಹೊಟ್ಟೆರೋಗದ ಡಾಕ್ಟರೊಬ್ಬರು ಪಿತ್ತದ ಬಗ್ಗೆ ಸೊಗಸಾಗಿ ಮಾತಾಡಿದ್ದರು. ಬಟನ್ ಅವರ ಮೂಗಿನ ಮೇಲೆ ಕೂತಿತ್ತು. "ಮುಖ ಬಿಟ್ಟು ಎಲ್ಲೆರ ಇಡ್ರಿ" ಅಂದರು. ಕೆಳಗಿಳಿಸಿದೆ. ಸರಿಯಾಗಿ ಹೊಟ್ಟೆಯ ಮೇಲೆ ಹೋಗಿ ನಿಂತಿತು.

"ಏನ್ರಿ ಮೇಡಂ, ಮಂದಿ ಹೊಟ್ಟಿ ಒತ್ತಿ ನೋಡೂದು ನನ್ನ ಕೆಲಸ. ನೀವು ಮಂದಿ ಕಡೆಯಿಂದ ನನ್ನ ಹೊಟ್ಟಿ ಒತ್ತಿಸ್ತೀರೇನು?"

ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ ತಣ್ಣಗೆ ಹೇಳಿದರು: "ಇರ್ಲಿ ಬಿಡ್ರಿ ಸರ್. ಪೇಷಂಟ್‌ಗೋಳ ಪಾಳಿನೂ ಒಂದ್ಸಲ ಬರ್ಲಿ."

ಇಲ್ಲಿ ಒತ್ತಿ

ತಿಕೋಟಾದಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟವರೊಬ್ಬರಿದ್ದಾರೆ. ಮಾತು ಬಹಳ ಕಡಿಮೆ. ಉಪ್ಪು ಕಟ್ಟಿದ ಪೈಪು ತೊಳೆಯುವುದು ಹೇಗೆ ಎಂಬ ವಿಡಿಯೋ ಮಾಡುವಾಗ ಕ್ಯಾಮೆರಾ ಕಂಡು ಬೆವತು, ಮಧ್ಯಾಹ್ನವೆಲ್ಲ ಬರೀ ನೀರು ಕುಡಿದಿದ್ದರು. ಹೇಗೋ ಮುಗಿಸಿದೆವು. ಆಮೇಲೆ ಅವರು ನನಗೆ ಹೇಳದೆ, ಆ ವಿಡಿಯೋ ಇದ್ದ ಪುಟವನ್ನು ಹಾಗೇ ದೊಡ್ಡ ಫ್ಲೆಕ್ಸ್ ಮಾಡಿಸಿ ಅಂಗಡಿ ಮುಂದೆ ಕಟ್ಟಿಸಿಬಿಟ್ಟರು. ಬಟನ್ ಸಮೇತ. ಬಟನ್ ಕೆಳಗೆ ನಾನೇ ಬರೆದ ಸಾಲು: "ನೋಡಲು ಇಲ್ಲಿ ಒತ್ತಿ."

ಒಂದು ದಿನ ಫೋನ್ ಬಂತು. "ಅಕ್ಕಾರ, ಲಗೂನ ಬರ್ರಿ. ಮಂದಿ ಒತ್ತಾಕತ್ತಾರ."

ಹೋದೆ. ಕಳ್ಳಕವಟಗಿಯ ದ್ರಾಕ್ಷಿ ಬೆಳೆಗಾರರೊಬ್ಬರು ಫ್ಲೆಕ್ಸಿನ ಬಟನ್ ಮೇಲೆ ಹೆಬ್ಬೆರಳು ಊರಿ, ನಗದೆ ನಿಂತಿದ್ದರು.

"ಒತ್ತಿ ಅಂತ ಬರದೀರಿ, ಒತ್ತೇನಿ. ಈಗ ತೋರಸ್ರಿ."

ಅಂಗಡಿಯವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಬೇರೆ ದಾರಿ ಕಾಣದೆ ಅವರು ಫ್ಲೆಕ್ಸಿನ ಪಕ್ಕಕ್ಕೆ ಬಂದು, ವಿಡಿಯೋದಲ್ಲಿ ಇದ್ದಂತೆಯೇ ಕೈಕಟ್ಟಿ ನಿಂತು ಶುರುಮಾಡಿದರು: "ನಮಸ್ಕಾರ್ರಿ. ಪೈಪಿನಾಗ ಉಪ್ಪು ಕಟ್ಟಿದ್ರ ಅಂಜಬ್ಯಾಡ್ರಿ..."

ಮಾತು ಸರಾಗ ಹರಿಯಿತು. ದಾರಿಹೋಕರೂ ಬೈಕ್ ನಿಲ್ಲಿಸಿ ಕೇಳತೊಡಗಿದರು. ಕ್ಯಾಮೆರಾ ಮುಂದೆ ಬೆವತಿದ್ದ ಮನುಷ್ಯ ಇವರೇನಾ ಅಂತ ನನಗೆ ಖುಷಿಯಾಯಿತು.

"ಮೊದಲ ಪೈಪಿನ ತುದಿ ಬಿಚ್ಚಬೇಕ್ರಿ. ಆಮ್ಯಾಲ..."

ಅಷ್ಟರಲ್ಲಿ ಬೆಳೆಗಾರರ ಮೊಬೈಲ್ ಬಡಿದುಕೊಂಡಿತು. ಅವರು ಫ್ಲೆಕ್ಸಿನ ಬಟನ್ ಇನ್ನೊಮ್ಮೆ ಒತ್ತಿ, ಫೋನ್ ಕಿವಿಗಿಟ್ಟುಕೊಂಡು ಆಚೆ ಹೋದರು. ಅಂಗಡಿಯವರು ಎತ್ತಿದ ಕೈ ಎತ್ತಿದಂತೆ, ತೆರೆದ ಬಾಯಿ ತೆರೆದಂತೆ ನಿಂತುಬಿಟ್ಟರು.

ನಾನು ಗಾಬರಿಯಾಗಿ, "ಯಾಕ್ರಿ, ಏನಾತು? ಯಾಕ ನಿಂತ್ರಿ?" ಅಂದೆ.

ಅವರು ತುಟಿ ಅಲುಗಿಸದೆ, ಸಣ್ಣ ದನಿಯಲ್ಲಿ ಹೇಳಿದರು:

"ಅವರು ಒತ್ತ್ಯಾರಲ್ರಿ ಅಕ್ಕಾರ!"