ಘಟದ ಸಸಿಗೆ ಕಾಕಾನ ಕನ್ನಡಿ

ನಮ್ಮ ಕಾಕಾ ಜನ್ಮದಲ್ಲಿ ಯಾರಿಗೂ ಮೋಸ ಮಾಡಿದವರಲ್ಲ. ಮಾಡಿದ್ದು ಒಮ್ಮೆ ಮಾತ್ರ, ಅದೂ ಒಂದು ಹಿಡಿ ಗೋಧಿ ಸಸಿಗೆ!

ಫೋರ್ಟಿನಲ್ಲಿ ಗುಮಾಸ್ತಿಕೆ, ಬಾಂದ್ರಾದ ಚಾಳಿನಲ್ಲಿ ಒಂದೇ ಖೋಲಿ, ತಲೆತುಂಬ ಗಿಡಗಳ ಶಾಸ್ತ್ರ. ಮನೆಯ ಚಹಾದ ಕಪ್ಪುಗಳಲ್ಲೆಲ್ಲ ಮೊಳೆತ ಕಾಳನ್ನು ತಲೆಕೆಳಗಾಗಿಟ್ಟು, "ಹೆಂಗರ ಇಡು, ಬೇರು ಕೆಳಗ ಇಳೀತದ" ಎಂದು ಬಂದವರಿಗೆಲ್ಲ ತೋರಿಸುವರು. ಬಂದವರಿಗೆ ಬೇಕಾದದ್ದು ಚಹಾ! ಬೇರು ನೀರಿನ ಕಡೆ ಹೋಗುತ್ತದೋ ಇಲ್ಲವೋ ನೋಡಲು ಹೆಂಡತಿಯ, ಅಂದರೆ ನಮ್ಮ ಕಾಕುವಿನ, ತುಳಸಿಗೆ ಒಂದೇ ಬದಿಗೆ ನೀರು ಹಾಕಿ, ಕೆಲವು ದಿನ ಬಿಟ್ಟು ಕಿತ್ತು ನೋಡಿದರು. ಬೇರು ಹೋಗಿತ್ತು. ತುಳಸಿಯೂ ಹೋಯಿತು.

"ಜೀವ ಅದನೋ ಇಲ್ಲೋ ನೋಡಲಿಕ್ಕೆ ಜೀವಾನ ತಗೀತಾರ ಇವರು!" ಎಂದು ಕಾಕು ಹಣೆ ಬಡಿದುಕೊಂಡಿದ್ದರು.

ಆ ಕಾಕುವಿಗೇ ಕ್ಷಯ ಹತ್ತಿತು. ಡಾಕ್ಟರು ಕೈಚೆಲ್ಲಿದ್ದರು. ಆರೈಕೆಗೆಂದು ಧಾರವಾಡದಿಂದ ನಾನು ಹೋದೆ.

ನವರಾತ್ರಿಗೆ ಘಟ ಹಾಕಿದೆವು. ಕಲಶದ ಸುತ್ತ ಮಣ್ಣು, ಮಣ್ಣಿನಲ್ಲಿ ಗೋಧಿ. ಒಮ್ಮೆ ಕೂಡಿಸಿದರೆ ಒಂಬತ್ತು ದಿನ ಅದನ್ನು ಅಲುಗಿಸುವಂತಿಲ್ಲ. ಪ್ರತಿವರ್ಷ ಅದು ಒಳಮೂಲೆಯಲ್ಲಿರುತ್ತಿತ್ತು; ಈ ಸಲ ಅಲ್ಲಿ ಕಾಕುವಿನ ಮಂಚ. ಘಟ ಖೋಲಿಯ ನಡುವಿಗೆ ಬಂತು, ನಾಲ್ಕನೆಯ ದಿನ ಸಸಿಗಳೆಲ್ಲ ಬಾಗಿಲ ಕಡೆ ಬಾಗಿದವು. ಹಾಗೆ ಬಾಗಿದರೆ ಮನೆಯಿಂದ ಒಬ್ಬರು ಹೊರಡುತ್ತಾರೆ ಎಂದು ಕಾಕುವಿನ ತವರಿನಲ್ಲಿ ಒಂದು ಮಾತಿತ್ತು. ಕಾಕು ಗಂಜಿ ಮುಟ್ಟುವುದನ್ನೇ ಬಿಟ್ಟರು.

"ದೇವರೂ ಇಲ್ಲ, ದಿಂಡರೂ ಇಲ್ಲ! ಬೆಳಕಿದ್ದ ಕಡೆ ಬಾಗತಾವ, ಅಷ್ಟ!" ಎಂದರು ಕಾಕಾ.

"ಹೌದ್ರೀ. ಬೆಳಕು ಹೊರಗ ಅದ," ಎಂದರು ಕಾಕು.

ಕಾಕಾ ಎದ್ದು ಬಾಗಿಲಿನಿಂದ ಘಟಕ್ಕೆ, ಘಟದಿಂದ ಮಂಚಕ್ಕೆ ಹೆಜ್ಜೆ ಅಳೆದರು.

ಮರುದಿನದಿಂದ ಆಫೀಸಿಗೆ ರಜೆ. ಗಾಳಿಯ ನೆಪ ಹೇಳಿ ಬಾಗಿಲಿಗೆ ಗೋಣಿತಟ್ಟು ಕಟ್ಟಿದರು. ಗೋಡೆಯ ಕನ್ನಡಿ ಕಿತ್ತುಕೊಂಡು ಹಿಂದಿನ ಗಲ್ಲಿಯ ಬಿಸಿಲಲ್ಲಿ ನಿಂತು, ಕಾಕುವಿನ ಮಂಚದ ಮಗ್ಗುಲಿನ ಕತ್ತಲೆ ಕಿಟಕಿಯೊಳಗೆ ಬೆಳಕು ಬಿಡತೊಡಗಿದರು. ಬಿಸಿಲು ಇರುವಷ್ಟು ಹೊತ್ತೂ! ಮೇಲಿನ ಮಾಳಿಗೆಯ ಹೆಂಗಸು "ಅಹೋ, ಹೇ ಕಾಯ್?" ಎಂದು ಮರಾಠಿಯಲ್ಲಿ ಜಗಳಕ್ಕೇ ಬಂದಳು, ಮುದುಕ ತನಗೇ ಕನ್ನಡಿ ಬಿಡುತ್ತಿದ್ದಾನೆಂದು ಆಕೆಯ ಗುಮಾನಿ! ಚಾಳಿಗೆ ಚಾಳೇ ನಕ್ಕಿತು. ಕಾಕಾ ಕನ್ನಡಿ ಇಳಿಸಲಿಲ್ಲ.

ಎಂಟನೆಯ ದಿನ ಸಸಿಗಳು ಮಂಚದ ಕಡೆ ಹೊರಳಿದವು.

"ನೋಡ್ರೀ, ನನ್ನ ಕಡೆ ಹೊಳ್ಳ್ಯಾವ!" ಎಂದು ಕಾಕು ಅರ್ಧ ಬಟ್ಟಲು ಗಂಜಿ ಕುಡಿದರು. ದಸರೆಯ ದಿನ ತಾವೇ ಸಸಿ ಕಿತ್ತು ಕಾಕಾನ ಟೊಪ್ಪಿಗೆಗೆ ಸಿಕ್ಕಿಸಿದರು. ದೇವರನ್ನು ನಂಬದ ಮನುಷ್ಯ ಅದೇ ಟೊಪ್ಪಿಗೆಯಲ್ಲಿ ನಳಕ್ಕೆ ನೀರಿಗೆ ಹೋದರು.

ಅವರು ಅತ್ತ ಹೋದೊಡನೆ ಕಾಕು ನನ್ನ ಕೈ ಹಿಡಿದರು.

"ತಂಗೀ, ಆ ಕನ್ನಡಿ ಬಿಸಿಲು ದಿನಾ ನನ್ನ ಕಣ್ಣಿಗೇ ಬಡೀತಿತ್ತು. ಅವರ ಕೈ ನಡಗೂದು ಸುದ್ದಾ ಕಾಣತಿತ್ತು. ಅದನ್ನ ನೋಡಲಾರದ ಗಂಜಿ ಕುಡದೆ. ಅವರಿಗೆ ಹೇಳಬ್ಯಾಡ."

ದೀಪಾವಳಿಗೆ ಕಾಕು ಇರಲಿಲ್ಲ. ಎಲ್ಲ ಮುಗಿಸಿ ಬಂದ ಕಾಕಾ, ಕಿಟಕಿಯ ಬಳಿಯೇ ಉಳಿದಿದ್ದ ಕನ್ನಡಿಯನ್ನು ಒರೆಸಿ ಮೊಳೆಗೆ ತೂಗುಹಾಕಿದರು.

"ಪಾಪ, ಕಡೀತನಕ ಆಕಿಗೆ ಗೊತ್ತಾಗಲಿಲ್ಲ ನೋಡು," ಎಂದರು.

"ಇಲ್ಲ ಕಾಕಾ, ಗೊತ್ತಾಗಲಿಲ್ಲ," ಎಂದೆ.