ಮೇವಿನ ಕೋಣೆಯ ಕರೆಂಟ್ ಸೈಕಲ್ಲುಗಳು

ಸೈಕಲ್ಲಿಗೆ ಮೋಟರ್ ಕೂಡಿಸುವುದು ನನಗೆ ಅರ್ಧ ದಿನದ ಕೆಲಸ. ಅದರ ಮೇಲೆ ಮನುಷ್ಯರನ್ನು ಕೂಡಿಸಲು ಹೋದಾಗಲೇ ಒಂದಿಲ್ಲೊಂದು ಆಗುತ್ತದೆ, ಆಗುತ್ತಲೇ ಇರುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆ ಪೆಡಲ್ಲಿನ ನಡುವೆ ಮೋಟರ್ ಕೂಡಿಸುವವನು ನಾನೊಬ್ಬನೇ. ಇನ್ನೊಬ್ಬ ಇದ್ದರೆ ಕರೆದುಕೊಂಡು ಬರ್ರಿ, ಚಾ ನಾನೇ ಕುಡಿಸುತ್ತೇನೆ. ಚಕ್ರದೊಳಗೆ ಮೋಟರ್ ಇಡುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರ ಗಾಡಿ ಸಪಾಟು ರಸ್ತೆಯಲ್ಲಿ ಹುಲಿ, ಏರು ಬಂದರೆ ಇಲಿ. ನನ್ನ ಮೋಟರ್ ಚೈನನ್ನೇ ಎಳೆಯುತ್ತದೆ, ಗೇರ್ ಬದಲಿಸಿದರೆ ಗುಡ್ಡವನ್ನೂ ಹತ್ತುತ್ತದೆ.

ಇದನ್ನು ನಂಬದವನು ಭೂಮಿಯ ಮೇಲೆ ಒಬ್ಬನೇ, ನಮ್ಮಪ್ಪ. ನನ್ನ ಅಂಗಡಿ ಇರುವುದು ಅವನ ಮೇವಿನ ಕೋಣೆಯಲ್ಲಿ, ಎಮ್ಮೆಗೆ ಕಣಕಿ ಅಂದರೆ ಜೋಳದ ಒಣ ದಂಟು ಒಟ್ಟುವ ಜಾಗ. ಕೀಲಿ ಕೊಡುವಾಗಲೇ ಹೇಳಿದ್ದ: "ಜ್ವಾಳದ ಹೊಸಾ ಕಣಕಿ ಬರೂದ್ರಾಗ ನಿನ್ನ ಸೈಕಲ್ ನನ್ನ ಹೊತ್ತು ಗುಡ್ಡದ ಏರು ಹತ್ತಬೇಕು. ನಾ ಒಂದ ಸಲನೂ ಪೆಡಲ್ ತುಳಿಯೂದಿಲ್ಲ. ಹತ್ತಲಿಲ್ಲಂದ್ರ ಕೋಣಿ ಖಾಲಿ ಮಾಡಿ ಎಮ್ಮಿ ಕಾಯಾಕ ಬಾ."

ನಮ್ಮಪ್ಪ ಹಳೆಯ ಪೈಲ್ವಾನ. ತೂಕ ಒಂದು ಕ್ವಿಂಟಲ್‌ಗೆ ಎರಡು ಕಿಲೋ ಕಮ್ಮಿ.

ಸುತ್ತಿಗೆ ಪೆಟ್ಟು

ಮೊದಲ ಗಿರಾಕಿ ಹೂಲಿಯ ರೈತ, ಜೊತೆಗೆ ಅವನ ಹೆಂಡತಿ. ಸೈಕಲ್ಲು ಮದುವೆಯಲ್ಲಿ ಮಾವ ಕೊಟ್ಟದ್ದು. ಮೋಟರ್ ಕೂಡಿಸಬೇಕಾದರೆ ಮೊದಲು ಪೆಡಲ್ಲು ಬಿಚ್ಚಬೇಕು. ಅದನ್ನು ಹಿಡಿದಿಟ್ಟ ಬೆರಳುದ್ದದ ಪಿನ್ನು ಜಂಗು ಹಿಡಿದು ಅಲ್ಲೇ ಬೇರು ಬಿಟ್ಟಿತ್ತು. ಸುತ್ತಿಗೆ ಎತ್ತಿದೆ.

"ಸಾವಕಾಶ, ತಮ್ಮಾ, ಸಾವಕಾಶ!" ಎಂದ ರೈತ.

ಪ್ರತಿ ಪೆಟ್ಟಿಗೂ ಅವನೇ "ಯಪ್ಪಾ" ಎನ್ನುತ್ತಿದ್ದ. ಹನ್ನೆರಡನೆಯ ಪೆಟ್ಟಿಗೆ ಪಿನ್ನು ಹಾರಿತು. ನನ್ನ ಕೈಯೇ ಅಂಥದ್ದು. ಬೇರೆಯವರಾಗಿದ್ದರೆ ಐವತ್ತು ಪೆಟ್ಟು ಬೇಕಾಗುತ್ತಿತ್ತು. ರೈತ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ಪಕ್ಕದಲ್ಲಿ ಕೂತಿದ್ದ ಹೆಂಡತಿ ನನಗೆ ಹೇಳಿದಳು: "ಹ್ವಾದ ವರ್ಷ ನನ್ನ ಕಾಲು ಮುರದಾಗ ಡಾಕ್ಟರ್ ಎಲುಬು ಎಳದು ಎಳದು ಕೂಡಸಾಕ ಹತ್ತಿದ್ರು. ಈ ಮನಷ್ಯಾ ಹೊರಗ ನಿಂತು ಶೇಂಗಾ ತಿನ್ನಾಕ ಹತ್ತಿದ್ದ."

ಮೂರು ಗೆರೆ

ಮಹಾನವಮಿಯ ಮರುದಿನ ಕಿತ್ತೂರಿನ ಒಬ್ಬ ನಿವೃತ್ತ ಮಾಸ್ತರರು ಫೋನ್ ಮಾಡಿದರು. "ಲೇ, ನಿನ್ನ ಗಾಡಿ ನಿಂತಬಿಟ್ಟೈತಲ್ಲೋ!"

ಹ್ಯಾಂಡಲ್ ಮೇಲೆ ಪುಟ್ಟ ಪರದೆ ಇರುತ್ತದೆ. ಬ್ಯಾಟರಿ ಎಷ್ಟಿದೆ ಎಂದು ಅದರಲ್ಲಿ ಗೆರೆಗಳು ಮೂಡುತ್ತವೆ.

"ಎಷ್ಟ ಗೆರಿ ಅದಾವ್ರಿ ಸರ್?"

"ಮೂರು. ಬೆಳ್ಳಗ, ಸ್ವಚ್ಛ ಕಾಣಾಕ ಹತ್ತ್ಯಾವ."

ಬ್ಯಾಟರಿ ಇದ್ದೂ ಗಾಡಿ ಓಡುವುದಿಲ್ಲ ಎಂದರೆ ಮೋಟರ್ ಸುಟ್ಟಿರಬೇಕು. ನಾನು ಕೂಡಿಸಿದ ಮೋಟರ್ ಸುಡುವುದೇ? ಪಾನಾ ಕಟ್ಟಿಕೊಂಡು ಕಿತ್ತೂರಿಗೆ ಓಡಿದೆ. ನೋಡಿದರೆ ಸೈಕಲ್ಲಿಗೆ ಭರ್ಜರಿ ಪೂಜೆಯಾಗಿತ್ತು. ಚಕ್ರಕ್ಕೆ ಚೆಂಡುಹೂವಿನ ಮಾಲೆ, ಪರದೆಯ ಮೇಲೆ ಅವರ ಮನೆಯವರು ಮೂರು ಬೆರಳಿನಿಂದ ಎಳೆದ ವಿಭೂತಿ. ಮಾಸ್ತರರ ಚಾಳೀಸು ಕನ್ನಡಕ ಒಳಗೆ ಗೋಡೆಯ ಮಾಡದಲ್ಲಿತ್ತು. ವಿಭೂತಿ ಒರೆಸಿದೆ, ಒಳಗೆ ಒಂದು ಗೆರೆಯೂ ಇಲ್ಲ. ಮೂರು ದಿನದಿಂದ ಚಾರ್ಜಿಗೇ ಹಚ್ಚಿರಲಿಲ್ಲ.

ಮಾಸ್ತರರು ಸೋಲುವವರಲ್ಲ. "ಗಾಡಿ ನಿಂತದ್ದು ಎಲ್ಲಿ? ಮನಿ ಮುಂದ. ಬ್ಯಾಟರಿ ಇಲ್ದನೂ ಇಲ್ಲೀತನಕ ಬಂದೈತಿ ಅಂದ್ರ, ಯಾವ ಗೆರಿ ಖರೆ, ಯಾವ ಗೆರಿ ಸುಳ್ಳು, ನೀನ ಹೇಳು."

ಮನೆಗೆ ಬಂದಾಗ ಅಪ್ಪ ಕೂರಿಗೆ ಇಳಿಸಿಡುತ್ತಿದ್ದ. "ಜ್ವಾಳ ಬಿತ್ತಿ ಬಂದೆ" ಎಂದಷ್ಟೇ ಹೇಳಿದ.

ಕೂಡುವ ಪದ್ಧತಿ

ಪಕ್ಕದೂರಿನಿಂದ ಮೋಟರ್ ಕೂಡಿಸಿಕೊಳ್ಳಲು ಬಂದ ಹಾಲಿನ ಕಾಕಾನಿಗೆ ಸೈಕಲ್ ಹತ್ತುವ ಒಂದು ಪದ್ಧತಿ ಇತ್ತು. ಎಡಗಾಲು ಪೆಡಲ್ ಮೇಲೆ, ಬಲಗಾಲಿನಿಂದ ನೆಲ ಒದ್ದು ನಾಲ್ಕು ಜಿಗಿತ, ಆಮೇಲೆ ಹಿಂದಿನಿಂದ ಕಾಲು ಹಾರಿಸಿ ಸೀಟು.

"ಕಾಕಾ, ಇದರಾಗ ಮೊದಲ ಕುಂತು ಆಮ್ಯಾಲ ಹೆಬ್ಬೆರಳಲೆ ಈ ಗುಂಡಿ ಒತ್ತಬೇಕು."

"ಐವತ್ತು ವರ್ಷ ಸೈಕಲ್ ಹೊಡದೇನಿ. ನನಗ ಕೂಡೂದು ಕಲಸ್ತಿ ಏನ?"

ಎರಡು ಹಾಲಿನ ಕ್ಯಾನು ತೂಗುಹಾಕಿ, ಎಡಗಾಲಿಟ್ಟು ಹ್ಯಾಂಡಲ್ ಗಟ್ಟಿ ಹಿಡಿದ. ಹೆಬ್ಬೆರಳು ಗುಂಡಿಯ ಮೇಲೆಯೇ ಬಿತ್ತು. ಸೈಕಲ್ಲು ಹೊರಟಿತು. ಕಾಲು ಹಾರಿಸಲು ಪುರುಸೊತ್ತು ಸಿಗಲಿಲ್ಲ. ಕೈ ಬಿಟ್ಟರೆ ಹಾಲು ಚೆಲ್ಲುತ್ತದೆ ಎಂದು ಇನ್ನೂ ಗಟ್ಟಿ ಹಿಡಿದ. ಹಿಡಿದಷ್ಟೂ ಗುಂಡಿ ಒತ್ತುತ್ತಿತ್ತು, ಒತ್ತಿದಷ್ಟೂ ಸೈಕಲ್ಲು ಓಡುತ್ತಿತ್ತು. ಒಂಟಿಗಾಲಿನಲ್ಲಿ ಜಿಗಿಯುತ್ತ ನನ್ನ ಅಂಗಡಿಯಿಂದ ಹಣಮಪ್ಪನ ಗುಡಿಯವರೆಗೆ ಹೋದ. ಗುಡಿಯ ಕಟ್ಟೆಗೆ ಚಕ್ರ ತಾಗಿ ನಿಂತಿತು. ಒಂದು ಹನಿ ಹಾಲೂ ಚೆಲ್ಲಿರಲಿಲ್ಲ.

ಕಟ್ಟೆಯ ಮೇಲೆ ಕೂತ ಮುದುಕರೊಬ್ಬರು ಕೇಳಿದರು: "ಎಷ್ಟ ಸುತ್ತಿನ ಹರಕಿಪಾ?"

ನಮ್ಮಪ್ಪ ಇದನ್ನೆಲ್ಲ ಎಮ್ಮೆ ಮೈ ತೊಳೆಯುತ್ತ ನೋಡಿದ. "ಜ್ವಾಳ ತೆನಿ ಹೊಡಿಯಾಕ ಹತ್ತೈತಿ" ಎಂದ.

ಗುಡ್ಡದ ಏರು

ಸುಗ್ಗಿ ಮುಗಿಯಿತು. ನಾಳೆ ಟ್ರ್ಯಾಕ್ಟರಿನಲ್ಲಿ ಕಣಕಿ ಬರುತ್ತದೆ ಅನ್ನುವ ದಿನ, ಮುಂಜಾನೆಯೇ ಅಪ್ಪ ಧೋತರ ಎತ್ತಿ ಕಟ್ಟಿ ಬಂದು ನಿಂತ. ನನ್ನ ಗೇರ್ ಸೈಕಲ್ಲು ತಯಾರಿತ್ತು.

"ಇದ ಒತ್ತಿದ್ರ ಓಡತೈತಿ, ಬಿಟ್ರ ಬಿಡತೈತಿ. ಇದು ಬ್ರೇಕು."

"ಗೊತ್ತೈತಿ, ಸರಿ ಅತ್ಲಾಗ."

ಅರ್ಧ ಊರು ನೋಡಲು ನಿಂತಿತ್ತು. ಅಪ್ಪ ಕೂತಾಗ ಹಿಂದಿನ ಟೈರು ಚಪಾತಿಯಾಯಿತು. ಕಾಲೆರಡೂ ಪೆಡಲ್ ಮೇಲೆ ಇಟ್ಟು, ಕಲ್ಲಿನಂತೆ ಅಲ್ಲಾಡದೆ ಹೊರಟ. ಏರಿನ ನಡುವೆ ಗಾಡಿ ನಿಧಾನವಾಯಿತು. ನನಗೆ ಕಣಕಿ ತುಂಬಿದ ಕೋಣೆಯೇ ಕಣ್ಣಿಗೆ ಕಂಡಿತು. ಮೋಟರ್ ಒಮ್ಮೆ ಗುಂಯ್ ಎಂದಿತು, ಅಪ್ಪನ ಅಗಲ ಬೆನ್ನು ಏರಿನ ತುದಿ ಮುಟ್ಟಿ ಆಚೆ ಇಳಿದು ಮಾಯವಾಯಿತು. ನಾನು ಶಿಳ್ಳೆ ಹೊಡೆದೆ. ನಾನೇನು ಕಡಿಮೆಯವನೇ?

ಐದು ನಿಮಿಷದಲ್ಲಿ ತಿರುಗಿ ಬರಬೇಕಿತ್ತು. ಅರ್ಧ ತಾಸಾಯಿತು, ತಾಸಾಯಿತು, ಬರಲಿಲ್ಲ. ಫೋನ್ ಹಚ್ಚಿದರೆ ಅದು ಮನೆಯೊಳಗೇ ಬಡಿದುಕೊಂಡಿತು.

ಅವ್ವ ಹೊರಗೆ ಬಂದಳು. "ನಿನ್ನ ಮೋಟರ್ ನನ್ನ ಗಂಡನ್ನ ಎಲ್ಲಿಗೆ ಒಯ್ತೋ?"

ಗೆಳೆಯನ ಬೈಕ್ ತೆಗೆದುಕೊಂಡು ಹುಡುಕಲು ಹೋದೆ. ಗುಡ್ಡದಾಚೆ ಆಡು ಕಾಯುವವನು, "ಹಾಡಕೋತ ಹ್ವಾದ್ರು" ಎಂದ. ಕೊನೆಗೆ ಮನೋಳಿಯ ಚಾದಂಗಡಿಯ ಮುಂದೆ ಜನ ಮುತ್ತಿದ್ದರು, ನಡುವೆ ಅಪ್ಪ ಭಾಷಣ ಮಾಡುತ್ತಿದ್ದ.

"ಮೋಟರ್ ನಡುವ ಕೂಡಸಬೇಕು ಅಂತ ಹೇಳಿದಂವ ನಾನ. ನನ್ನ ಮಗ ಚಕ್ರದಾಗ ಇಡತೇನಿ ಅಂತಿದ್ದ. ಬುದ್ಧಿ ಸಣ್ಣದು." ನನ್ನನ್ನು ಕಂಡು ಕರೆದ: "ಬಾ ಬಾ. ಇವನ ನೋಡ್ರಿ, ನಟ್ಟು ಬಿಗಿ ಮಾಡಂವ."

ಅಷ್ಟರಲ್ಲೇ ಮೂರು ಸೈಕಲ್ಲಿನ ಕೆಲಸ ಒಪ್ಪಿಕೊಂಡುಬಿಟ್ಟಿದ್ದ. ಅದರಲ್ಲಿ ಒಂದು ರಾಮದುರ್ಗದ್ದು.

ನನ್ನ ಎದೆ ಉಬ್ಬಿತು. "ಹಂಗಾರ ಕೋಣಿ ನಂದ ಹೌದಿಲ್ಲೋ, ಅಪ್ಪಾ?"

"ನಿಂದ. ಕುಸ್ತ್ಯಾಗ ಸೋತ್ರ ಸೋತೆ ಅಂತ ಒಪ್ಪಂವ ನಾ."

"ಮತ್ತ ನಾಳೆ ಬರೂ ಕಣಕಿ?"

ಅಪ್ಪ ಬಸಿಯಲ್ಲಿದ್ದ ಚಾ ಪೂರ್ತಿ ಹೀರಿ ಕೆಳಗಿಟ್ಟ. "ಅದಕ್ಕೂ ಒಂದು ಕೋಣಿ ನೋಡೇನಿ. ನೀ ಮಲಗೂದು."

ಈಗ ನನ್ನ ಮಂಚದ ಮೇಲಿನಿಂದ ಜಂತಿಯವರೆಗೆ ಕಣಕಿ ಇದೆ. ಹಸಿವಾದರೆ ಎಮ್ಮೆ ನನ್ನ ಕಿಟಕಿಗೇ ಬಂದು ಕರೆಯುತ್ತದೆ.