ಹೋದವರು ಯಾರು?

ಬದುಕಿರುವವರನ್ನು “ತಾವು ಯಾರು, ಗುರುತು ಸಿಗಲಿಲ್ಲ” ಎಂದು ಕೇಳಿದರೆ ಮರೆವು ಅಂದುಕೊಂಡು ಕ್ಷಮಿಸುತ್ತಾರೆ. ಆದರೆ ಸತ್ತವರ ಮಗನನ್ನು “ನಿಮ್ಮ ತಂದೆ ಯಾರು?” ಎಂದು ಕೇಳುವ ಎದೆಗಾರಿಕೆ ನನಗಂತೂ ಇಲ್ಲ. ಈ ಪುಕ್ಕಲುತನದಿಂದಾಗಿಯೇ ಹೋದ ತಿಂಗಳು ನಾನು ಪತ್ತೇದಾರನಾಗಬೇಕಾಯಿತು.

ಆಗ ನಾನು ಹಳೆಯ ಕಾಲದ ಪತ್ತೇದಾರಿ ಕಾದಂಬರಿಯೊಂದನ್ನು ಓದುತ್ತಿದ್ದೆ. ಊರಾಚೆಯ ಛತ್ರದಲ್ಲಿ ಒಂದು ಹೆಣ. ಹೆಸರಿಲ್ಲ, ವಿಳಾಸವಿಲ್ಲ, ಮುಖವಂತೂ ಗುರುತೇ ಸಿಗುವಂತಿಲ್ಲ. ಕೊಂದವನನ್ನು ಹುಡುಕುವುದಕ್ಕೆ ಮೊದಲು ಸತ್ತವನು ಯಾರೆಂದು ತಿಳಿಯಬೇಕು ಎನ್ನುವುದು ಪತ್ತೇದಾರನ ಹಟ. ಅಂಗಿಯ ಹೊಲಿಗೆ, ಚಪ್ಪಲಿಯ ಸವೆತ, ಬೆರಳಿನ ಕಲೆ, ಇಷ್ಟರಿಂದಲೇ ಅವನು ಸತ್ತವನಿಗೆ ಒಂದು ಊರು, ಒಂದು ಕಸುಬು, ಕೊನೆಗೆ ಒಬ್ಬ ಹೆಂಡತಿಯನ್ನೂ ಒದಗಿಸಿಬಿಡುತ್ತಾನೆ. “ನೋಡು, ಗಮನ ಅಂದ್ರೆ ಇದು” ಎಂದು ನನ್ನ ಹೆಂಡತಿ ಸರೋಜಳಿಗೆ ಹೇಳಿದೆ. “ಹಣೆ ಮೇಲೆ ಕನ್ನಡಕ ಇಟ್ಕೊಂಡು ಮನೆಯೆಲ್ಲಾ ಹುಡುಕೋದು ಮೊದಲು ನಿಲ್ಸಿ” ಎಂದಳು. ಅವಳ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಗಾಂಧಿನಗರದ ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷದಿಂದ ಕರಡು ತಿದ್ದುತ್ತಾ ಬೇರೆಯವರ ತಪ್ಪು ಹಿಡಿಯುತ್ತಿದ್ದೇನೆ. ಕಣ್ಣಿನ ವಿಷಯದಲ್ಲಿ ಸ್ವಲ್ಪ ಜಂಬವಿದೆ.

ಅದೇ ವಾರ ಫೋನು ಬಂತು. “ಸಾರ್, ನಾನು ಗಿರೀಶ, ಮುನಿರಾಜಪ್ಪನವ್ರ ಮಗ. ಅಪ್ಪ ಹೋಗ್ಬಿಟ್ರು. ಭಾನುವಾರ ತಿಥಿ, ಚಾಮರಾಜಪೇಟೆ ಮನೇಲೇ. ನೀವು ಬರ್ಲೇಬೇಕು. ಅಪ್ಪ ಯಾವಾಗ್ಲೂ ನಿಮ್ಮ ವಿಷಯ ಹೇಳೋರು.”

“ಅಯ್ಯೋ, ಛೇ, ಎಂಥ ಮನುಷ್ಯ!” ಎಂದೆ.

ಫೋನಿಟ್ಟ ಮೇಲೆ ಸರೋಜ ಕೇಳಿದಳು, “ಯಾರಂತೆ?”

“ಮುನಿರಾಜಪ್ಪ.”

“ಅದ್ಯಾರು?”

“ಅದೇ ಗೊತ್ತಾಗ್ತಿಲ್ಲ.”

ಕಾದಂಬರಿಯಲ್ಲಿ ಆಳಿತ್ತು, ಹೆಸರಿರಲಿಲ್ಲ. ನನಗೆ ಹೆಸರು ಸಿಕ್ಕಿತ್ತು, ಆಳು ಸಿಗಲಿಲ್ಲ.

ಫೋಟೋ ನೋಡಿದರೆ ತಿಳಿದೀತು ಎಂಬ ಭರವಸೆಯಲ್ಲಿ ಭಾನುವಾರ ಹೋದೆ. ಸ್ಟುಡಿಯೋದವರು ಸತ್ತವರಿಗೆ ನೀಲಿ ಕೋಟು ತೊಡಿಸಿ, ಮುಖವನ್ನು ಹಿಂದಿನ ಗೋಡೆಗಿಂತ ಬೆಳ್ಳಗೆ ಮಾಡಿಟ್ಟಿದ್ದರು. ಆ ಬಿಳುಪಿನಲ್ಲಿ ಯಾರು ಬೇಕಾದರೂ ಇರಬಹುದಿತ್ತು. ಕೆಳಗೆ ಎಡೆಯ ಪಕ್ಕ ಅವರ ಪ್ರೀತಿಯ ವಸ್ತುಗಳನ್ನು ಇಟ್ಟಿದ್ದರು: ಎಲೆಯಡಿಕೆ, ನಶ್ಯದ ಡಬ್ಬಿ, ದಪ್ಪ ಗಾಜಿನ ಕನ್ನಡಕ. ನನ್ನ ತಲೆ ಚುರುಕಾಯಿತು. ನಶ್ಯ, ದಪ್ಪ ಕನ್ನಡಕ, ಮುನಿ! ನಮ್ಮ ಮುದ್ರಣಾಲಯದಲ್ಲಿ ಹಿಂದೆ ಪುಸ್ತಕ ಕಟ್ಟುತ್ತಿದ್ದ ಮುನಿಯಣ್ಣ! ಸಂದೇಹವೇ ಇಲ್ಲ. ಸತ್ತವರ ಗುರುತು ಸಿಕ್ಕಿದ ಖುಷಿ ಮುಖದಲ್ಲಿ ಕಾಣದಿರಲೆಂದು ಕರವಸ್ತ್ರ ಹಿಡಿದುಕೊಂಡೆ.

ಅಷ್ಟರಲ್ಲಿ ಗಿರೀಶ ಮೈಕು ತಂದು ಕೈಗಿಟ್ಟ. “ಎರಡು ಮಾತಾಡಿ ಸಾರ್.”

ನಾನು ಧೈರ್ಯವಾಗಿ ಎದ್ದೆ. “ಅವರ ಕೈಯ ಕಟ್ಟು ಅಂದರೆ ಕಟ್ಟು. ಒಂದು ಎಳೆ ಸಡಿಲ ಇರುತ್ತಿರಲಿಲ್ಲ. ಕತ್ತರಿಸುವುದೂ ಹಾಗೇ, ಅಂಚು ಒಂದೇ ಸಮ. ಅಂಥ ಕೈ ಇನ್ನು ಹುಟ್ಟುವುದಿಲ್ಲ.” ಶಾಮಿಯಾನದ ಕೆಳಗೆ ಸೆರಗುಗಳು ಕಣ್ಣಿಗೆ ಹೋದವು. ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಬಿಕ್ಕುತ್ತಾ, “ನಿಜ ಸಾಮಿ. ಇಡೀ ಮಾರ್ಕೆಟ್ನಲ್ಲಿ ಸೊಪ್ಪಿನ ಕಟ್ಟು ಅವರ ಥರ ಯಾರು ಕಟ್ತಾರೆ?” ಎಂದರು.

ಸೊಪ್ಪು!

ಮೈಕು ಹಿಡಿದೇ ನಿಂತೆ. ಕೃಷ್ಣರಾಜ ಮಾರುಕಟ್ಟೆಯ ಮೆಟ್ಟಿಲ ಪಕ್ಕದ ಸೊಪ್ಪು-ತರಕಾರಿ ಅಂಗಡಿ, ಹುಬ್ಬಿನವರೆಗೆ ಸುತ್ತಿದ ಟವೆಲ್ಲು, “ಬನ್ನಿ ಸಾರ್, ಮಗಳ ಜ್ವರ ಬಿಡ್ತಾ?” ಎಂಬ ದನಿ. ಹದಿನೈದು ವರ್ಷ ಪ್ರತಿ ಭಾನುವಾರ ಅವರನ್ನು “ಯಜಮಾನ್ರೇ” ಎಂದು ಕರೆದಿದ್ದೆ. ಹೆಸರು ಕೇಳಿರಲಿಲ್ಲ. ಕಳೆದ ಎರಡು ಭಾನುವಾರ ಅಂಗಡಿ ಮುಚ್ಚಿದ್ದಾಗಲೂ ಏಕೆಂದು ಯಾರನ್ನೂ ವಿಚಾರಿಸದೆ ಪಕ್ಕದಲ್ಲಿ ಎರಡು ಕಟ್ಟು ಮೆಂತ್ಯ ಕೊಂಡು ಬಂದಿದ್ದೆ. ಇನ್ನೇನೋ ಹೇಳಬೇಕೆನಿಸಿತು. ಹೇಳದೆ ಮೈಕನ್ನು ಗಿರೀಶನ ಕೈಗೆ ಕೊಟ್ಟೆ. ಆ ಒಂದು ಮೌನ ಮಾತ್ರ ನನ್ನ ಭಾಷಣದಲ್ಲಿ ಸರಿಯಾದ ವಿಳಾಸಕ್ಕೆ ಹೋಯಿತು.

ಊಟಕ್ಕೆ ಗಿರೀಶ ಪಕ್ಕದಲ್ಲೇ ಕೂತ. “ಅವರೆಕಾಯಿ ಬಂದ್ರೆ ಹೇಳಿ ಅಂತ ನೀವು ನಂಬರ್ ಕೊಟ್ಟಿದ್ರಲ್ಲ ಸಾರ್, ಅಪ್ಪ ಅದನ್ನ ಜೋಪಾನವಾಗಿ ಇಟ್ಟಿದ್ರು” ಎಂದ. ಆಮೇಲೆ ಸ್ವಲ್ಪ ಸಂಕೋಚದಿಂದ ಹೇಳಿದ, “ಬೇಜಾರ್ ಮಾಡ್ಕೋಬೇಡಿ. ನೀವು ಬದನೆಕಾಯಿ ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿ, ಸರಿಯಾಗಿ ಹುಳ ಇರೋದನ್ನೇ ಆರಿಸ್ತಿದ್ರಂತೆ. ನೀವು ಚೀಲ ಬಿಡಿಸೋ ಹೊತ್ತಿಗೆ ಅಪ್ಪ ಬದಲಾಯಿಸಿಬಿಡೋರು. ‘ಪಾಪ, ಅಷ್ಟು ಆಸೆಯಿಂದ ಆರಿಸ್ತಾರೆ, ಹೇಳಕ್ಕೆ ಮನಸ್ಸು ಬರಲ್ಲ’ ಅನ್ನೋರು.”

ಮನೆಗೆ ಬಂದು ಸರೋಜಳಿಗೆ ಹೋದವರು ಯಾರೆಂದು ಹೇಳಿದೆ. ಬದನೆಕಾಯಿಯ ಸಂಗತಿಯನ್ನು ಮಾತ್ರ ನಾನು ಬಾಯಿಬಿಡಲಿಲ್ಲ.

ಮುಂದಿನ ಭಾನುವಾರ ಬೇರೆ ಅಂಗಡಿಯಲ್ಲಿ, ಕರಡು ನೋಡುವಷ್ಟೇ ಶ್ರದ್ಧೆಯಿಂದ, ಆರು ಬದನೆಕಾಯಿ ಆರಿಸಿ ತಂದೆ. ಸರೋಜ ಹೆಚ್ಚಲು ಕೂತಳು. ಐದರಲ್ಲಿ ಹುಳ.

“ಏನ್ರೀ ಇದು? ಇಷ್ಟು ವರ್ಷ ಎಷ್ಟು ಚೆನ್ನಾಗಿ ಆರಿಸ್ಕೊಂಡು ಬರ್ತಿದ್ರಿ!”

“ಕಣ್ಣು ಮಂಜಾಗಿದೆ ಕಣೆ” ಎಂದೆ. “ವಯಸ್ಸಾಯ್ತಲ್ಲ.”